ಎಮ್ಡನ್ನಿನ ನಾಲ್ಕನೆಯ ಹೊಗೆಗೊಳವೆ

ಬಲು ಚಾಲಾಕಿನವನು, ಸುಲಭವಾಗಿ ಯಾರ ಕೈಗೂ ಸಿಗದವನು ಎಂಬ ಅರ್ಥದಲ್ಲಿ ನಮ್ಮ ತಮಿಳು ನೆರೆಹೊರೆಯವರು ಒಬ್ಬ ಮನುಷ್ಯನನ್ನು ‘ಎಮ್ಡನ್’ ಎಂದು ಕರೆಯುವುದುಂಟು. ಚೆನ್ನೈಯಲ್ಲಿ ಹತ್ತಿಪ್ಪತ್ತು ವರ್ಷ ಬಾಳಿದ ಕನ್ನಡಿಗರ ಕಿವಿಗೂ ಈ ಮಾತು ಎಂದಾದರೂ ಬಿದ್ದೇ ಇರುತ್ತದೆ. ನಾವು ಕನ್ನಡದಲ್ಲಿ ಏಳು ಕೆರೆಯ ನೀರು ಕುಡಿದವನು ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಆ ಅರ್ಥವೇ. ಆದರೆ ಎಮ್ಡನ್ ಎಂಬುದು ತಮಿಳು ಶಬ್ದವಲ್ಲ; ಜರ್ಮನಿಯ ಒಂದು ಊರಿನ ಹೆಸರು. ಆ ಊರಿನ ಹೆಸರನ್ನು ಹೊತ್ತ ಯುದ್ಧನೌಕೆಯೊಂದು 1914ರ ಸೆಪ್ಟೆಂಬರ್ 22ರ ಮಂಗಳವಾರ ರಾತ್ರಿ ಮದರಾಸಿನ ಮೇಲೆ ಅರ್ಧ ಗಂಟೆಯೂ ಮೀರದಷ್ಟು ಹೊತ್ತು ಗುಂಡಿನ ಮಳೆಗರೆದು ಹೋಯಿತು. ಹಡಗು ಹೋಯಿತು, ಹೆಸರು ಉಳಿಯಿತು.

ಈ ಕಥೆಯನ್ನು ನಮ್ಮ ಬಡಾವಣೆಯ ಮಕ್ಕಳಿಗೆ ಹೇಳಲು ನಾವು ಒಂದು ಮಾದರಿ ಹಡಗನ್ನೇ ಕಟ್ಟಬೇಕಾಯಿತು. ಇತಿಹಾಸ ಹೇಳಲು ಹಲಗೆ, ಅಂಟು, ಗರಗಸ ಏಕೆ ಎಂದು ಓದುಗರು ಕೇಳಬಹುದು. ಆ ಹಡಗಿನ ಹೆಚ್ಚುಗಾರಿಕೆ ಇದ್ದುದು ಅದು ತನ್ನ ಮೇಲ್ಕಟ್ಟನ್ನು ಬದಲಿಸಿಕೊಂಡು ಬೇರೆಯೇ ಹಡಗಿನಂತೆ ಕಾಣುತ್ತಿದ್ದುದರಲ್ಲಿ. ಯಕ್ಷಗಾನದ ಚೌಕಿಯಲ್ಲಿ ಒಬ್ಬನೇ ಕಲಾವಿದ ಕಿರೀಟ ಬದಲಿಸಿ ಬೇರೆ ಪಾತ್ರವಾಗಿ ರಂಗಕ್ಕೆ ಬರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಮಕ್ಕಳೋ ಚೆನ್ನೈಯ ಫ್ಲಾಟುಗಳಲ್ಲಿ ಬೆಳೆದವರು, ಚೌಕಿಯನ್ನು ಕಂಡವರಲ್ಲ. ಆದ್ದರಿಂದ ಕೈಯಲ್ಲಿ ಹಿಡಿದು ತೆಗೆದು ಹಾಕಿ ನೋಡುವಂಥದೇನಾದರೂ ಬೇಕಾಗಿತ್ತು.

ಮೊದಲು ಹಡಗಿನ ವಿಚಾರ. ಎಮ್ಡನ್ನನ್ನು ಕಟ್ಟಿದ್ದು ಡಾನ್ಜಿಗ್ ಪಟ್ಟಣದಲ್ಲಿ; 1908ರಲ್ಲಿ ನೀರಿಗಿಳಿಯಿತು, 1909ರಲ್ಲಿ ಸೇವೆಗೆ ಸೇರಿತು. ಉದ್ದ 118 ಮೀಟರಿಗೆ ತುಸು ಹೆಚ್ಚು, ಅಗಲ 13.5 ಮೀಟರ್. ಕಲ್ಲಿದ್ದಲು ಉರಿಸುವ ಹನ್ನೆರಡು ಬಾಯ್ಲರುಗಳು, ಅವುಗಳ ಹೊಗೆಗೆ ಮೂರು ಕೊಳವೆಗಳು. ಹತ್ತೂವರೆ ಸೆಂಟಿಮೀಟರ್ ಬಾಯಿಯ ಹತ್ತು ತುಪಾಕಿಗಳು. ಯುದ್ಧನೌಕೆಗಳ ಲೆಕ್ಕದಲ್ಲಿ ಚಿಕ್ಕದೇ. ಚೀನದ ಸಿಂಗ್‌ತಾವ್ ಬಂದರು ಆಗ ಜರ್ಮನರ ವಶದಲ್ಲಿತ್ತು. ಎಮ್ಡನ್ನಿನ ನೆಲೆ ಅಲ್ಲಿ. ಶಾಂತಿಕಾಲದಲ್ಲಿ ಮೈಗೆಲ್ಲ ಬಿಳಿ ಬಣ್ಣ ಬಳಿದುಕೊಂಡು ನಿಲ್ಲುತ್ತಿದ್ದ ಅದನ್ನು ‘ಪೂರ್ವದ ಹಂಸ’ ಎಂದು ಕರೆಯುತ್ತಿದ್ದರಂತೆ. ಯುದ್ಧ ಬಂತು, ಹಂಸಕ್ಕೆ ಬೂದು ಬಣ್ಣ ಬಳಿದರು.

ನಾಯಕ ಕಾರ್ಲ್ ಫಾನ್ ಮ್ಯುಲರ್. 1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಜರ್ಮನ್ ನೌಕಾಪಡೆಯ ಉಳಿದ ಹಡಗುಗಳು ಶಾಂತ ಸಾಗರದ ಕಡೆಗೆ ತಿರುಗಿದವು. ತಾನೊಬ್ಬನೇ ಹಿಂದೂ ಮಹಾಸಾಗರಕ್ಕೆ ಹೋಗಿ ಬ್ರಿಟಿಷರ ವ್ಯಾಪಾರಕ್ಕೆ ಕೈ ಹಾಕುತ್ತೇನೆಂದು ಈತ ಕೇಳಿದ, ಒಪ್ಪಿಗೆ ದೊರೆಯಿತು. ಜೊತೆಗೆ ಕಲ್ಲಿದ್ದಲಿನ ಒಂದು ಹಡಗು ಮಾತ್ರ. ಮೂರು ಹೊಗೆಗೊಳವೆಯ ಯುದ್ಧನೌಕೆ ಆ ಸಮುದ್ರದಲ್ಲಿ ಕಂಡರೆ ಅದು ಜರ್ಮನರದೆಂದು ಯಾರಾದರೂ ಗುರುತಿಸಬಹುದಾಗಿತ್ತು. ಅಲ್ಲಿ ಓಡಾಡುವ ಬ್ರಿಟಿಷ್ ಕ್ರೂಸರುಗಳಿಗೆ ಎರಡು ಅಥವಾ ನಾಲ್ಕು ಕೊಳವೆಗಳು. ಆಗ ಎರಡನೆಯ ಅಧಿಕಾರಿ ಹೆಲ್ಮುತ್ ಫಾನ್ ಮ್ಯೂಕೆ ಒಂದು ಸಲಹೆ ಕೊಟ್ಟ: ನಾವೂ ಒಂದು ಕೊಳವೆ ಹೆಚ್ಚಿಸಿಕೊಳ್ಳೋಣ. ಮೊದಲು ಎತ್ತಿದ್ದು ಚಪ್ಪಟೆ ಪರದೆಯಂಥದು. ಪಕ್ಕದಿಂದ ನೋಡಿದರೆ ಸರಿ, ಎದುರಿನಿಂದ ನೋಡಿದರೆ ನಗೆಪಾಟಲು. ಆಮೇಲೆ ಮರದ ಚೌಕಟ್ಟಿಗೆ ಹಾಯಿಬಟ್ಟೆ ಸುತ್ತಿ, ಬೇಕೆಂದಾಗ ಎತ್ತಿ ನಿಲ್ಲಿಸುವ, ಬೇಡವೆಂದಾಗ ಇಳಿಸಿಡುವ ಕೊಳವೆಯನ್ನು ಮಾಡಿಕೊಂಡರು. ಹೀಗೆ ಮೂರು ಕೊಳವೆಯ ಎಮ್ಡನ್ ನಾಲ್ಕು ಕೊಳವೆಯ ಬ್ರಿಟಿಷ್ ಕ್ರೂಸರ್ ‘ಯಾರ್ಮತ್’ ಆಯಿತು.

ಮಾದರಿಗೆ ನಾವು ಇನ್ನೂರಕ್ಕೆ ಒಂದು ಎಂಬ ಪ್ರಮಾಣ ಇಟ್ಟುಕೊಂಡೆವು. ಹಡಗು 59 ಸೆಂಟಿಮೀಟರ್ ಉದ್ದ, ಆರೂ ಮುಕ್ಕಾಲು ಸೆಂಟಿಮೀಟರ್ ಅಗಲವಾಯಿತು. ಗೋದ್ರೆಜ್ ಬೀರುವಿನ ಮೇಲೆ ಸುಖವಾಗಿ ಕೂರುವ ಅಳತೆ. ಈ ಪ್ರಮಾಣದಲ್ಲಿ ಒಬ್ಬ ನಾವಿಕನ ಎತ್ತರ ಎಂಟೂವರೆ ಮಿಲಿಮೀಟರ್, ಅಂದರೆ ಉದ್ದನೆಯ ಒಂದು ಅಕ್ಕಿಕಾಳಿನಷ್ಟು. ಹಡಗಿನಲ್ಲಿದ್ದ ಮುನ್ನೂರೈವತ್ತಕ್ಕೂ ಹೆಚ್ಚು ಜನರನ್ನು ಅಕ್ಕಿಕಾಳುಗಳಾಗಿ ಎಣಿಸಿ ಡೆಕ್ಕಿನ ಮೇಲೆ ಸುರಿದಾಗ ಎಷ್ಟು ಇಕ್ಕಟ್ಟಿನಲ್ಲಿ ಅವರು ಬದುಕಿದರೆಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯಿತು.

ಒಡಲನ್ನು ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿದ ಮೇಲೆ ಅರದಿಂದ ಉಜ್ಜಿ ರೂಪಿಸಿದೆವು. ಇಲ್ಲಿ ವಿಶೇಷವೇನಿಲ್ಲ, ತಾಳ್ಮೆಯೊಂದೇ ಬೇಕು. ಜಾಣತನ ಬೇಕಾದದ್ದು ಮೇಲ್ಕಟ್ಟಿಗೆ. ಒಂದೇ ಒಡಲಿಗೆ ಮೂರು ಮುಚ್ಚಳಗಳು: ಮೊದಲನೆಯದು ಮೂರು ಕೊಳವೆಯ ನಿಜವಾದ ಎಮ್ಡನ್, ಎರಡನೆಯದು ನಾಲ್ಕು ಕೊಳವೆಯ ವೇಷದ ಎಮ್ಡನ್, ಮೂರನೆಯದರ ಮಾತು ಮುಂದೆ ಬರುತ್ತದೆ. ಮೂರೂ ಮುಚ್ಚಳಗಳು ಒಂದೇ ಒಡಲಿಗೆ ಕೂರಬೇಕಾದರೆ ಒಂದೊಂದಕ್ಕೂ ಬೇರೆಬೇರೆಯಾಗಿ ತೂತು ಕೊರೆದರೆ ಆಗುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಒಂದು ಕೂರುತ್ತದೆ, ಇನ್ನೊಂದು ಕುಂಟುತ್ತದೆ. ಮೂರು ಪ್ಲೈವುಡ್ ತುಂಡುಗಳನ್ನೂ ಒಟ್ಟಿಗೆ ಬಿಗಿದು, ಒಡಲಿನ ಮೇಲಿಟ್ಟು, ಒಂದೇ ಏಟಿಗೆ ನಾಲ್ಕರಲ್ಲೂ ತೂತು ಕೊರೆಯಬೇಕು. ಒಡಲಿನ ತೂತುಗಳಿಗೆ ಹಿತ್ತಾಳೆಯ ಎರಡು ಗೂಟಗಳು. ಮುಂದಿನ ಗೂಟ ದಪ್ಪ, ಹಿಂದಿನದು ತೆಳು. ಮುಚ್ಚಳವನ್ನು ಹಿಂದುಮುಂದಾಗಿ ಹಾಕಲು ಬರಕೂಡದು. ಕಾರ್ಖಾನೆಗಳಲ್ಲಿ ಬಿಡಿಭಾಗಗಳು ಯಾವ ಯಂತ್ರಕ್ಕಾದರೂ ಹೊಂದುವಂತೆ ಮಾಡುವುದರ ಹಿಂದೆಯೂ ಇಂಥ ತತ್ತ್ವವೇ ಇದೆ. ನಾವು ಓದಿದ ಬಿ.ಎಸ್‌ಸಿ. ಇಷ್ಟು ವರ್ಷ ಕಚೇರಿಯ ಕಡತಗಳ ನಡುವೆ ನಿದ್ರಿಸುತ್ತಿತ್ತು. ಈ ಎರಡು ಗೂಟಗಳ ನೆಪದಲ್ಲಿ ಅದಕ್ಕೆ ಎಚ್ಚರವಾಯಿತು.

ತುಪಾಕಿಗಳಿಗೆ ಎರಡೆರಡು ಸೆಂಟಿಮೀಟರಿನ ತಂತಿ ತುಂಡುಗಳು, ಕೂವೆಮರಗಳಿಗೆ ಹಿಡಿಸೂಡಿಯ ಕಡ್ಡಿ. ನಿಜವಾದ ಮೂರು ಕೊಳವೆಗಳನ್ನು ಅಲ್ಯೂಮಿನಿಯಂ ನಳಿಗೆಯಿಂದ ಮಾಡಿದೆವು. ನಾಲ್ಕನೆಯದನ್ನು ಮಾತ್ರ ಉದ್ದೇಶಪೂರ್ವಕವಾಗಿ ಕಡ್ಡಿಗಳಿಗೆ ಬಟ್ಟೆ ಸುತ್ತಿ ಮಾಡಿದೆವು. ಮೂಲದಲ್ಲಿ ಹೇಗಿತ್ತೋ ಹಾಗೆಯೇ.

ಈಗ ಒಂದು ಪ್ರಶ್ನೆ. ನಿಜವಾದ ಯಾರ್ಮತ್ ಹಡಗು 138 ಮೀಟರ್ ಉದ್ದದ್ದು, ಎಮ್ಡನ್ನಿಗಿಂತ ಇಪ್ಪತ್ತು ಮೀಟರ್ ಹೆಚ್ಚು. ಅದರ ತುಪಾಕಿಗಳೂ ದೊಡ್ಡವು. ಬರಿಯ ಒಂದು ಬಟ್ಟೆಯ ಕೊಳವೆಯಿಂದ ಅನುಭವಿ ನಾವಿಕರು ಮೋಸಹೋದದ್ದು ಹೇಗೆ? ಸಮುದ್ರದಲ್ಲಿ ಅಳತೆಗೋಲಿಲ್ಲ ಎಂಬುದೇ ಉತ್ತರ. ಹತ್ತು ಕಿಲೋಮೀಟರ್ ದೂರದಲ್ಲಿ 118 ಮೀಟರಿನ ಹಡಗು ಕಣ್ಣಿಗೆ ಒಂದು ಡಿಗ್ರಿಯ ಮೂರರಲ್ಲೆರಡು ಭಾಗದಷ್ಟು ಕಾಣುತ್ತದೆ. ಹುಣ್ಣಿಮೆಯ ಚಂದ್ರನಿಗಿಂತ ತುಸು ಅಗಲ. 138 ಮೀಟರಿನ ಹಡಗು ಹನ್ನೊಂದೂ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ ಅಷ್ಟೇ ಕಾಣುತ್ತದೆ. ದೂರವೇ ಗೊತ್ತಿಲ್ಲದ ಮೇಲೆ ಉದ್ದ ಗೊತ್ತಾಗುವುದೆಂತು? ಆದರೆ ಕೊಳವೆಗಳ ಎಣಿಕೆ ದೂರದೊಂದಿಗೆ ಬದಲಾಗುವುದಿಲ್ಲ. ಒಂದು ಮೈಲಿಯಿಂದ ನೋಡಿದರೂ ನಾಲ್ಕು ನಾಲ್ಕೇ, ಆರು ಮೈಲಿಯಿಂದ ನೋಡಿದರೂ ನಾಲ್ಕೇ. ಆದ್ದರಿಂದಲೇ ನಾವಿಕರು ಹಡಗುಗಳನ್ನು ಕೊಳವೆ ಎಣಿಸಿ ಗುರುತಿಸುತ್ತಿದ್ದರು. ಆದ್ದರಿಂದಲೇ ಮ್ಯೂಕೆ ಸುಳ್ಳು ಹೇಳಿದ್ದೂ ಎಣಿಕೆಯಲ್ಲಿ.

ಮಕ್ಕಳು ಇದನ್ನು ಬರಿಯ ಮಾತಿನಿಂದ ನಂಬಲಿಲ್ಲ. ಎರಡನೆಯ ಮುಚ್ಚಳ ಹಾಕಿದ ಹಡಗನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಬೀದಿಯ ತುದಿಗೆ ಓಡಿದರು. ಅಲ್ಲಿಗೆ ಐವತ್ತು ಮೀಟರ್, ನಮ್ಮ ಪ್ರಮಾಣದಲ್ಲಿ ಹತ್ತು ಕಿಲೋಮೀಟರ್. ಎಲ್ಲರೂ ನಾಲ್ಕು ಕೊಳವೆ ಎಣಿಸಿದರು, ಬಟ್ಟೆಯದು ಯಾವುದೆಂದು ಒಬ್ಬರೂ ಹೇಳಲಾರದೆ ಹೋದರು. ಐದು ಮೀಟರಿಗೆ ಬಂದಾಗ ಚಿಕ್ಕ ಹುಡುಗಿಯೊಬ್ಬಳು ತಟ್ಟನೆ ಬೆರಳು ತೋರಿದಳು. ಈ ಎರಡು ದೂರಗಳ ನಡುವೆಯೇ ಎಮ್ಡನ್ನಿನ ಕಥೆಯೆಲ್ಲ ಅಡಗಿದೆ.

ಸೆಪ್ಟೆಂಬರ್ 10ರಿಂದ ಬಂಗಾಳಕೊಲ್ಲಿಯಲ್ಲಿ ಅದರ ಬೇಟೆ ಆರಂಭವಾಯಿತು. ‘ಇಂಡಸ್’ ಎಂಬ ಹಡಗು ಸಿಕ್ಕಿತು. ಅದರಲ್ಲಿ ಹೇರಳವಾಗಿ ಸಾಬೂನಿತ್ತು. ತಿಂಗಳುಗಟ್ಟಲೆ ಕಲ್ಲಿದ್ದಲು ಮಸಿಯಲ್ಲಿ ಮುಳುಗಿದ್ದ ನಾವಿಕರಿಗೆ ಆ ದಿನ ಹಬ್ಬ. ಲಂಡನ್ನಿಗೆ ಹೊರಟಿದ್ದ ಚಹಾ ಹೊತ್ತ ‘ಡಿಪ್ಲೊಮ್ಯಾಟ್’ ಮುಳುಗಿತು. ಮೋಟಾರುಗಳನ್ನೂ ರೈಲು ಎಂಜಿನುಗಳನ್ನೂ ತರುತ್ತಿದ್ದ ‘ಕ್ಲಾನ್ ಮ್ಯಾಥೆಸನ್’ ಕೂಡ. ಹಡಗು ಮುಳುಗಿಸುವ ಮೊದಲು ಜನರನ್ನೆಲ್ಲ ಇಳಿಸಿಕೊಂಡು, ‘ಕಬಿಂಗ’ ಎಂಬ ಹಡಗಿಗೆ ತುಂಬಿ ಬಿಟ್ಟುಕೊಟ್ಟರು. ಮ್ಯುಲರನನ್ನು ಶತ್ರುಗಳೇ ಸಭ್ಯನೆಂದು ಹೊಗಳಿದ್ದು ಇದಕ್ಕೆ.

ಆಮೇಲೆ ಮದರಾಸು. ನಾವು ಪಂಚಾಂಗ ಲೆಕ್ಕ ಹಾಕಿ ನೋಡಿದೆವು. 1914ರ ಆ ಸೆಪ್ಟೆಂಬರ್ 22 ನವರಾತ್ರಿಯ ಮೂರನೆಯ ದಿನ. ಅಮಾವಾಸ್ಯೆ ಕಳೆದು ಎರಡೇ ದಿನಗಳಾಗಿದ್ದವು. ಎಳೆಯ ಚಂದ್ರ ರಾತ್ರಿ ಎಂಟರೊಳಗೇ ಮುಳುಗಿರಬೇಕು. ಮದರಾಸಿನ ಮನೆಮನೆಯಲ್ಲೂ ಬೊಂಬೆ ಕೂರಿಸಿದ್ದ ಹೊತ್ತು. ಊರಿನಲ್ಲಿ ದೀಪಗಳನ್ನು ಆರಿಸುವ ಕಟ್ಟುಪಾಡಿರಲಿಲ್ಲ. ಆಗ ದೀಪಸ್ತಂಭವಿದ್ದದ್ದು ಹೈಕೋರ್ಟಿನ ಎತ್ತರದ ಗೋಪುರದ ಮೇಲೆ (1894ರಿಂದ 1977ರವರೆಗೂ ಅಲ್ಲಿಯೇ ಇತ್ತು). ಅದೂ ಎಂದಿನಂತೆ ಬೆಳಗುತ್ತಿತ್ತು. ಶತ್ರುವಿಗೆ ಬಂದರಿನ ದಾರಿಯನ್ನು ನ್ಯಾಯಸ್ಥಾನವೇ ತೋರಿಸಿದಂತಾಯಿತು!

ರಾತ್ರಿ ಒಂಬತ್ತೂವರೆಯ ಸುಮಾರಿಗೆ ಎಮ್ಡನ್ ಮೂರು ಸಾವಿರ ಗಜ ದೂರದಲ್ಲಿ ನಿಂತು ಶೋಧಕ ದೀಪಗಳನ್ನು ಬಂದರಿನ ಬಳಿಯ ಬರ್ಮಾ ಆಯಿಲ್ ಕಂಪೆನಿಯ ಎಣ್ಣೆ ತೊಟ್ಟಿಗಳ ಮೇಲೆ ಬಿಟ್ಟಿತು. ಸುಮಾರು 125 ಗುಂಡುಗಳು ಹಾರಿದವು. ತೊಟ್ಟಿಗಳು ಹೊತ್ತಿಕೊಂಡು ಉರಿದವು. ಬಂದರಿನಲ್ಲಿದ್ದ ವ್ಯಾಪಾರಿ ಹಡಗೊಂದಕ್ಕೆ ಪೆಟ್ಟು ಬಿತ್ತು, ಕೆಲವರು ಸತ್ತರು. ಒಂದು ಗುಂಡು ಹೈಕೋರ್ಟಿನ ಆವರಣದ ಗೋಡೆಗೆ ತಗಲಿತು. ಆ ಸ್ಥಳದಲ್ಲಿ ನೆಟ್ಟ ಫಲಕವನ್ನು ಕೋರ್ಟಿಗೆ ಹೋಗುವ ನಮ್ಮವರು ಕಂಡಿರಬಹುದು. ದಡದ ತೋಪುಗಳು ಕೆಲವು ಗುಂಡು ಹಾರಿಸಿದವು, ಯಾವುದೂ ತಾಗಲಿಲ್ಲ. ಕಾಣುವಂತೆ ದೀಪ ಹಚ್ಚಿಕೊಂಡು ಉತ್ತರಕ್ಕೆ ಹೊರಟ ಎಮ್ಡನ್, ದೀಪಗಳನ್ನಾರಿಸಿ ದಕ್ಷಿಣಕ್ಕೆ ತಿರುಗಿತು. ಆ ರಾತ್ರಿ ಅದಕ್ಕೆ ಕತ್ತಲೆಯೇ ಸಾಕಷ್ಟು ವೇಷವಾಗಿತ್ತು.

ಎಣ್ಣೆ ಸುಟ್ಟದ್ದಕ್ಕಿಂತ ನಂಬಿಕೆ ಸುಟ್ಟದ್ದು ದೊಡ್ಡ ನಷ್ಟ. ಸಮುದ್ರ ಇಂಗ್ಲಿಷರ ಕೆರೆ ಎಂದು ನಂಬಿದ್ದ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಬಂಗಾಳಕೊಲ್ಲಿಯಲ್ಲಿ ಹಡಗುಗಳ ಓಡಾಟ ನಿಂತಿತು. ಅಂದಿನ ಮದರಾಸು ಪ್ರಾಂತ್ಯದಲ್ಲಿ ನಮ್ಮ ಬಳ್ಳಾರಿಯೂ ದಕ್ಷಿಣ ಕನ್ನಡವೂ ಸೇರಿದ್ದವೆಂಬುದನ್ನು ಮರೆಯಬಾರದು. ಹೈಕೋರ್ಟಿನ ವ್ಯಾಜ್ಯ, ಕಾಲೇಜಿನ ಓದು, ಎಲ್ಲಕ್ಕೂ ನಮ್ಮವರು ಬರುತ್ತಿದ್ದುದು ಇದೇ ಊರಿಗೆ. ಮಂಗಳೂರಿನಲ್ಲಿ ಜರ್ಮನರೆಂದರೆ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ, ಅಚ್ಚುಕೂಟ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು. ಮದರಾಸಿನಲ್ಲಿ ಜರ್ಮನರೆಂದರೆ ಆ ರಾತ್ರಿಯ ಗುಂಡು. ಯುದ್ಧ ಇವೆರಡನ್ನೂ ಒಂದೇ ಕಣ್ಣಿನಿಂದ ನೋಡಿತು. ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಹಿಡಿದು ಸೆರೆ ಶಿಬಿರಗಳಿಗೆ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಹಂಚು ಮಾಡುತ್ತಿದ್ದವರಿಗೂ ಎಮ್ಡನ್ನಿಗೂ ಯಾವ ಸಂಬಂಧ? ಆದರೆ ಅಂಥ ಕಾಲದಲ್ಲಿ ಯಾರು ಕೇಳುತ್ತಾರೆ.

ಎಮ್ಡನ್ನಿನಲ್ಲಿ ಚೆಂಪಕರಾಮನ್ ಪಿಳ್ಳೆ ಎಂಬ ಭಾರತೀಯ ಕ್ರಾಂತಿಕಾರಿ ಇದ್ದನೆಂಬ ಕಥೆ ಇಲ್ಲಿ ಪ್ರಚಲಿತವಾಗಿದೆ. ಆತ ಯುರೋಪಿನಲ್ಲಿ ನಮ್ಮ ಸ್ವಾತಂತ್ರ್ಯಕ್ಕಾಗಿ ದುಡಿದದ್ದು ನಿಜ, ಹಡಗಿನಲ್ಲಿದ್ದನೆಂಬುದಕ್ಕೆ ಆಧಾರವಿಲ್ಲ. ಜನ ಹಾಗೆ ನಂಬಲು ಬಯಸಿದರು ಎಂಬುದೇ ಇತಿಹಾಸದ ಸಂಗತಿ. ನಮ್ಮನ್ನು ಆಳುವವರ ಮೇಲೆ ಯಾರು ಕಲ್ಲೆಸೆದರೂ ಅವರು ನಮ್ಮವರೆನ್ನಿಸುತ್ತದೆ. ಮ್ಯುಲರನಿಗೆ ಭಾರತದ ಬಿಡುಗಡೆ ಬೇಕಾಗಿತ್ತೆಂದು ಮಾತ್ರ ನಾವು ಒಪ್ಪಲಾರೆವು. ಆತನಿಗೆ ಬೇಕಾಗಿದ್ದುದು ಬ್ರಿಟಿಷರ ಎಣ್ಣೆ ಉರಿಯುವುದು.

ಬಟ್ಟೆಯ ಕೊಳವೆಗೆ ದೊಡ್ಡ ಪಾತ್ರ ಬಂದದ್ದು 1914ರ ಅಕ್ಟೋಬರ್ 28ರ ಬೆಳಗಿನ ಜಾವ, ಪೆನಾಂಗ್ ಬಂದರಿನಲ್ಲಿ. ನಾಲ್ಕು ಕೊಳವೆ ಕಂಡು ಬ್ರಿಟಿಷ್ ಹಡಗೆಂದು ಎಲ್ಲರೂ ಸುಮ್ಮನಿದ್ದರು. ಒಳಗೆ ರಷ್ಯದ ಕ್ರೂಸರ್ ‘ಜೆಮ್‌ಚುಗ್’ ಲಂಗರು ಹಾಕಿ ಮಲಗಿತ್ತು. ಅದರ ನಾಯಕ ದಡದಲ್ಲಿದ್ದ. ಎಮ್ಡನ್ ತನ್ನ ನಿಜಧ್ವಜ ಏರಿಸಿ ಹೊಡೆಯಿತು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಹೊರಗೆ ಎದುರಾದ ‘ಮುಸ್ಕೆ’ ಎಂಬ ಫ್ರೆಂಚ್ ನೌಕೆಯೂ ಮುಳುಗಿತು.

ನಿಜಧ್ವಜ ಏರಿಸಿದ್ದು ಸೌಜನ್ಯಕ್ಕಲ್ಲ. ವೇಷ ಹಾಕಬಹುದು, ಆದರೆ ಮೊದಲ ಗುಂಡಿಗೆ ಮುಂಚೆ ತಾನಾರೆಂದು ತೋರಿಸಬೇಕು ಎಂಬುದು ಸಮುದ್ರಯುದ್ಧದ ನಿಯಮ. ಉತ್ತರ ಗೋಗ್ರಹಣದಲ್ಲಿ ಬೃಹನ್ನಳೆ ಬಿಲ್ಲೆತ್ತುವ ಮೊದಲು ಕಪಿಧ್ವಜ ಏರಿಸಿದ ಹಾಗೆ ಎಂದು ಹೇಳಿದಾಗ ಮಕ್ಕಳಿಗೆ ಅರ್ಥವಾಯಿತು. ಆದರೂ ಮಲಗಿದ್ದವನಿಗೆ ಧ್ವಜ ಕಾಣುವುದು ಯಾವಾಗ, ಎಂದು ಒಬ್ಬ ಹುಡುಗ ಕೇಳಿದ. ಈ ಪ್ರಶ್ನೆಗೆ ನಿಯಮ ಬರೆದವರೇ ಉತ್ತರ ಹೇಳಬೇಕು.

ಇಂಥ ವೇಷ ಎಮ್ಡನ್ನಿನದೊಂದೇ ಅಲ್ಲ. 1914ರ ಸೆಪ್ಟೆಂಬರಿನಲ್ಲಿಯೇ ‘ಕಾಪ್ ಟ್ರಫಾಲ್ಗರ್’ ಎಂಬ ಜರ್ಮನ್ ಪ್ರಯಾಣಿಕ ಹಡಗು ತನ್ನ ಮೂರನೆಯ ಕೊಳವೆಯನ್ನು ಕಿತ್ತುಹಾಕಿ ಎರಡು ಕೊಳವೆಯ ಬ್ರಿಟಿಷ್ ಹಡಗಿನಂತೆ ಕಾಣಲು ಯತ್ನಿಸಿ, ದಕ್ಷಿಣ ಅಟ್ಲಾಂಟಿಕಿನಲ್ಲಿ ಬ್ರಿಟಿಷರಿಗೆ ಸಿಕ್ಕಿ ಮುಳುಗಿತು. ಬ್ರಿಟಿಷರೂ ಹಿಂದೆ ಬೀಳಲಿಲ್ಲ. ಹಳೆಯ ವ್ಯಾಪಾರಿ ಹಡಗುಗಳ ಮೇಲೆ ಮರ ಮತ್ತು ಕ್ಯಾನ್ವಾಸಿನ ಮೇಲ್ಕಟ್ಟು ಕಟ್ಟಿ ಅವುಗಳನ್ನು ಭಾರಿ ಯುದ್ಧನೌಕೆಗಳಂತೆ ತೋರಿಸಿದರು. ‘ಟೈಗರ್’ ಎಂಬ ಮಹಾನೌಕೆಯ ವೇಷದಲ್ಲಿದ್ದ ‘ಮೆರಿಯನ್’ ಹಡಗನ್ನು 1915ರ ಮೇ ತಿಂಗಳಲ್ಲಿ ಜರ್ಮನ್ ಸಬ್‌ಮರೀನ್ ಮುಳುಗಿಸಿದಾಗ ಅದರ ಮರದ ತುಪಾಕಿಗಳು ನೀರಿನ ಮೇಲೆ ತೇಲಿಕೊಂಡು ಹೋದವಂತೆ.

1914ರ ನವೆಂಬರ್ 9. ಕೋಕೋಸ್ ದ್ವೀಪಗಳಲ್ಲೊಂದಾದ ಡೈರೆಕ್ಷನ್ ದ್ವೀಪದಲ್ಲಿ ಬ್ರಿಟಿಷರ ತಂತಿ ಮತ್ತು ವೈರ್‌ಲೆಸ್ ಕೇಂದ್ರ. ಅದನ್ನು ಹಾಳುಗೆಡವಲು ಎಮ್ಡನ್ ಬೆಳಿಗ್ಗೆ ಬಂದು ನಿಂತಿತು, ನಾಲ್ಕು ಕೊಳವೆ ಹೊತ್ತುಕೊಂಡೇ. ಆದರೆ ದಡ ಹತ್ತಿರ. ನಮ್ಮ ಚಿಕ್ಕ ಹುಡುಗಿ ಐದು ಮೀಟರಿನಿಂದ ಕಂಡದ್ದನ್ನು ಅಲ್ಲಿನ ತಂತಿ ಗುಮಾಸ್ತರು ಕಂಡರು: ನಾಲ್ಕನೆಯ ಕೊಳವೆ ಬಟ್ಟೆಯದು. ಅಪರಿಚಿತ ಹಡಗು ಬಂದಿದೆ ಎಂಬ ಸುದ್ದಿ ಕೂಡಲೇ ವೈರ್‌ಲೆಸ್ ಮೂಲಕ ಹೋಯಿತು. ತಿಂಗಳುಗಟ್ಟಲೆ ಕಾಪಾಡಿದ ಕೊಳವೆಯೇ ಕೊನೆಗೆ ಹಿಡಿದುಕೊಟ್ಟಿತು. ತೋಪಿಲ್ಲದ, ಕತ್ತಿಯಿಲ್ಲದ ಗುಮಾಸ್ತರಿಂದ ಎಮ್ಡನ್ ಸೋತಿತೆಂಬುದರಲ್ಲಿ, ಅದೇ ವೃತ್ತಿಯವರಾದ ನಮಗೆ ತುಸು ಸಮಾಧಾನವಾದರೆ ಓದುಗರು ಕ್ಷಮಿಸಬೇಕು.

ಆಸ್ಟ್ರೇಲಿಯದ ಸೈನಿಕರನ್ನು ಹೊತ್ತ ಹಡಗುಗಳ ಸಾಲು ಆಗ ಐವತ್ತು ಮೈಲಿಗಳಾಚೆ ಸಾಗುತ್ತಿತ್ತು. ಅದರ ಕಾವಲಿಗಿದ್ದ ‘ಸಿಡ್ನಿ’ ಎಂಬ ಕ್ರೂಸರ್ ಇತ್ತ ತಿರುಗಿತು. ದೂರದಲ್ಲಿ ಹೊಗೆ ಕಂಡಾಗ ಎಮ್ಡನ್ನಿನವರು ತಮ್ಮ ಕಲ್ಲಿದ್ದಲಿನ ಹಡಗು ‘ಬುರೆಸ್ಕ್’ ಬಂತೆಂದುಕೊಂಡರು. ಕಾಣಬೇಕೆಂದು ಕಾದದ್ದೇ ಕಣ್ಣಿಗೆ ಕಂಡಿತು. ಪೆನಾಂಗಿನವರಿಗೆ ಆದದ್ದೇ ಈಗ ಇವರಿಗೂ ಆಯಿತು. ದಡಕ್ಕೆ ಹೋಗಿದ್ದ ಮ್ಯೂಕೆ ಮತ್ತು ಸುಮಾರು ಐವತ್ತು ಜನರನ್ನು ಬಿಟ್ಟು ಎಮ್ಡನ್ ಹೊರಟಿತು. ಸಿಡ್ನಿಯ ಗುಂಡಿನ ತೂಕ 45 ಕಿಲೋ, ಎಮ್ಡನ್ನಿನದು ಅದರ ಅರ್ಧಕ್ಕಿಂತಲೂ ಕಡಿಮೆ. ಎರಡು ಗಂಟೆಗಳೊಳಗೆ ಮುಂದಿನ ಕೂವೆಮರವೂ ನಿಜವಾದ ಮೂರು ಕೊಳವೆಗಳೂ ಉರುಳಿದವು. ಮ್ಯುಲರ್ ಹಡಗನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ಬಂಡೆಗೆ ಏರಿಸಿಬಿಟ್ಟ. ಎಮ್ಡನ್ನಿನಲ್ಲಿ 130ಕ್ಕೂ ಹೆಚ್ಚು ಮಂದಿ ಸತ್ತರು, ಸಿಡ್ನಿಯಲ್ಲಿ ನಾಲ್ವರು.

ನಮ್ಮ ಮೂರನೆಯ ಮುಚ್ಚಳ ಇದು: ಕೊಳವೆಗಳು ಬಿದ್ದ, ಡೆಕ್ ಬಾಗಿದ, ಮಸಿ ಹಿಡಿದ ಎಮ್ಡನ್. ಇದನ್ನು ಮಾಡಬೇಕೋ ಬೇಡವೋ ಎಂದು ನಮ್ಮಲ್ಲಿ ಒಂದು ವಾರ ಚರ್ಚೆ ನಡೆಯಿತು. ದಸರಾ ಬೊಂಬೆಗಳ ನಡುವೆ ಇಡುವ ಹಡಗು. ಪಟ್ಟದ ಬೊಂಬೆಯ ಎದುರಿಗೆ ಹೆಣದಂಥದನ್ನು ಏಕೆ ಇಡುತ್ತೀರಿ ಎಂದು ಹಿರಿಯ ತಾಯಿಯೊಬ್ಬರು ಗದರಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಮೊದಲ ಎರಡು ಮುಚ್ಚಳಗಳನ್ನಷ್ಟೇ ತೋರಿಸಿದರೆ ಇದು ಬರಿಯ ಹಗಲುವೇಷದ ವಿನೋದವಾಗುತ್ತದೆ. ಮದರಾಸಿನಲ್ಲಿ ಸತ್ತವರೂ, ಜೆಮ್‌ಚುಗ್‌ನಲ್ಲಿ ಮಲಗಿದ್ದವರೂ, ಅಕ್ಕಿಕಾಳಿನಂತೆ ಡೆಕ್ಕಿನ ಮೇಲಿದ್ದ ಜರ್ಮನ್ ಹುಡುಗರೂ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಕೊನೆಗೆ ಅದನ್ನು ಮಾಡಿ, ಮೆಟ್ಟಿಲುಗಳ ಮೇಲಿಡದೆ, ಕೆಳಗಿನ ಪೆಟ್ಟಿಗೆಯಲ್ಲಿಟ್ಟೆವು. ಕೇಳಿದವರಿಗೆ ತೆಗೆದು ಹಾಕಿ ತೋರಿಸಿದೆವು. ಮೂರನೆಯ ದಿನ ಗದರಿದ ತಾಯಿಯೇ ಬಂದು, ಎಲ್ಲಿ ಆ ಒಡೆದ ಹಡಗು, ಎಂದು ಕೇಳಿದರು.

ಮ್ಯುಲರ್ ಸೆರೆಯಾಗಿ ಮಾಲ್ಟಾ ದ್ವೀಪಕ್ಕೆ ಹೋದ. ಮ್ಯೂಕೆ ಮಾತ್ರ ಸಿಗಲಿಲ್ಲ. ದ್ವೀಪದಲ್ಲಿದ್ದ ‘ಆಯೇಷಾ’ ಎಂಬ ಹಳೆಯ ಹಾಯಿಹಡಗನ್ನು ಹಿಡಿದು ಸುಮಾತ್ರಾ ತಲುಪಿ, ಅಲ್ಲಿಂದ ಬೇರೊಂದು ಹಡಗಿನಲ್ಲಿ ಅರೇಬಿಯಕ್ಕೆ, ಮರುಭೂಮಿ ದಾಟಿ, ರೈಲು ಹಿಡಿದು 1915ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಸೇರಿದ. ಬಂಡೆಯ ಮೇಲಿನ ಎಮ್ಡನ್ನನ್ನು 1950ರ ದಶಕದಲ್ಲಿ ಜಪಾನಿನ ಕಂಪೆನಿಯೊಂದು ಬಹುಮಟ್ಟಿಗೆ ಒಡೆದು ಗುಜರಿಗೆ ಒಯ್ದಿತು; ಉಳಿದ ತುಂಡುಗಳು ನೀರಿನಡಿಯಲ್ಲಿವೆ.

ಈಗ ಮಕ್ಕಳಿಗೆ ಸಿಡ್ನಿ ಹಡಗೂ ಬೇಕಂತೆ. ಅದನ್ನು ನಾಲ್ಕನೆಯ ಮುಚ್ಚಳವಾಗಿ ಮಾಡಲು ಬರುವುದಿಲ್ಲ. ನಾಲ್ಕು ಕೊಳವೆಗಳೂ ನಿಜವಾದವೇ. ಉದ್ದ 139 ಮೀಟರ್, ನಮ್ಮ ಪ್ರಮಾಣದಲ್ಲಿ ಹತ್ತಿರಹತ್ತಿರ 70 ಸೆಂಟಿಮೀಟರ್. ಅದಕ್ಕೆ ಬೇರೆ ಒಡಲೇ ಆಗಬೇಕು. ಹಲಗೆ ತಂದಿಟ್ಟಿದ್ದೇವೆ.